ಕುಂಭಾರಜುವೆ ಕಾಲುವೆಯಲ್ಲಿ ಒಂದು ಹಗಲು

ಗಡಿಯ ಈಚೆ ಆಚೆ ಇರುವ ನಮ್ಮ ಎಷ್ಟೋ ಮನೆಗಳಲ್ಲಿ ಮದುವೆ ಗೊತ್ತಾದರೆ ಮೊದಲ ಲಗ್ನಪತ್ರಿಕೆ ಗೋವೆಯ ಕುಲದೇವರಿಗೆ. ಮನೆತನ ಕಾರವಾರದ್ದಿರಲಿ, ಕುಮಟೆಯದ್ದಿರಲಿ, ಬೆಳಗಾವಿಯದ್ದಿರಲಿ, ದೂರದ ಮಂಗಳೂರಿನದ್ದೇ ಇರಲಿ, ದೇವರು ಮಾತ್ರ ಫೋಂಡಾ ತಾಲೂಕಿನಲ್ಲಿ. ಪ್ರಿಯೋಳದಲ್ಲಿ ಮಂಗೇಶ, ಕವಳೆಯಲ್ಲಿ ಶಾಂತಾದುರ್ಗೆ, ಮಾರ್ದೋಳದಲ್ಲಿ ಮಹಾಲಸೆ, ಬಾಂದಿವಡೆಯಲ್ಲಿ ನಾಗೇಶ, ಅಲ್ಲೇ ಹತ್ತಿರ ರಾಮನಾಥ. ಒಂದು ದೇವಸ್ಥಾನದಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಇಷ್ಟು ದೊಡ್ಡ ದೇವರುಗಳೆಲ್ಲ ಗುಡ್ಡ ಅಡಿಕೆತೋಟಗಳ ಒಂದೇ ಸೀಮೆಯಲ್ಲಿ ಒತ್ತೊತ್ತಾಗಿ ಬಂದು ಕೂತದ್ದೇಕೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಈ ಪ್ರಶ್ನೆಗೆ ಉತ್ತರ ಒಂದು ನೀರಿನ ದಾರಿಯಲ್ಲಿದೆ. ಅದರ ಹೆಸರು ಕುಂಭಾರಜುವೆ ಕಾಲುವೆ. ನಾನು ಮೆಟ್ರಿಕ್ ತನಕ ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು, ಪಂಡಿತನಲ್ಲ. ಆದರೆ ಯಾವ ಲೆಕ್ಕ ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಎಂದು ಹುಡುಕುವ ಚಟ ಇನ್ನೂ ಬಿಟ್ಟಿಲ್ಲ. ಹಾಗಾಗಿ ಇವತ್ತು ನಿಮ್ಮನ್ನು ಈ ಕಾಲುವೆಯ ದೋಣಿಯಲ್ಲಿ ಕೂರಿಸಿಕೊಂಡು, ಬೆಳಿಗ್ಗೆ ಜುವಾರಿ ನದಿಯಲ್ಲಿ ಹೊರಟು ಸಂಜೆಗೆ ಪಣಜಿ ಮುಟ್ಟಿಸುತ್ತೇನೆ. ದಾರಿಯುದ್ದಕ್ಕೂ ಇತಿಹಾಸವೇ ಇದೆ.

ಮೊದಲು ಈ ಕಾಲುವೆ ಎಲ್ಲಿದೆ ಎಂಬುದನ್ನು ಮನಸ್ಸಿನಲ್ಲಿ ಮೂಡಿಸಿಕೊಳ್ಳಿ. ಗೋವೆಯ ನಡುಭಾಗದಲ್ಲಿ ಎರಡು ದೊಡ್ಡ ನದಿಗಳು. ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ. ಮಾಂಡವಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿಯೇ. ಈ ಎರಡು ನದಿಗಳನ್ನು ಸಮುದ್ರಕ್ಕಿಂತ ಒಳಗೆ, ಉತ್ತರ ದಕ್ಷಿಣವಾಗಿ ಜೋಡಿಸುವ ನೀರೇ ಈ ಕಾಲುವೆ. ಉದ್ದ ಸುಮಾರು 17 ಕಿಲೋಮೀಟರು. ಕಾಲುವೆ ಎಂದು ಕರೆದರೂ ಮನುಷ್ಯರು ತೋಡಿದ್ದಲ್ಲ. ಭರತಿ ಇಳಿತಗಳು ಆಡುವ ಉಪ್ಪುನೀರಿನ ಹೊಳೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ಇದಕ್ಕೆ 27ನೆಯ ಜಲಮಾರ್ಗವೆಂದು ನಂಬರು ಕೊಟ್ಟಿದ್ದಾರೆ. ಪಶ್ಚಿಮಕ್ಕೆ ಸಮುದ್ರ, ಉತ್ತರ ದಕ್ಷಿಣಕ್ಕೆ ನದಿ, ಪೂರ್ವಕ್ಕೆ ಈ ಕಾಲುವೆ. ಹೀಗೆ ನಾಲ್ಕೂ ಕಡೆ ನೀರು ಸುತ್ತಿದ ನೆಲವೇ ತಿಸವಾಡಿ, ಅಂದರೆ ಮೂವತ್ತು ಊರುಗಳ ದ್ವೀಪ. ಹಳೆ ಗೋವೆಯೂ ಇಂದಿನ ಪಣಜಿಯೂ ಈ ದ್ವೀಪದಲ್ಲೇ ಇವೆ. ಕಾಲುವೆಯ ಪೂರ್ವ ದಂಡೆಯಿಂದ ಆಚೆಗೆ ಫೋಂಡಾ ಸೀಮೆ. ಹಳಬರು ಅದನ್ನು ಅಂತ್ರುಜ ಎನ್ನುತ್ತಾರೆ.

ದೋಣಿ ಜುವಾರಿಯಲ್ಲಿ ಹೊರಟಿತು ಎಂದುಕೊಳ್ಳಿ. ದಕ್ಷಿಣ ದಂಡೆಯಲ್ಲಿ ಕಾಣುವ ಊರು ಕುಠ್ಠಾಳಿ. ಅದೇ ಹಿಂದಿನ ಕುಶಸ್ಥಳಿ, ಮಂಗೇಶ ದೇವರ ಮೂಲಸ್ಥಾನ. ಉತ್ತರ ದಂಡೆಯಲ್ಲಿ ಆಗಶಿ. ಅದಕ್ಕೆ ತಾಗಿ ಕದಂಬರ ರಾಜಧಾನಿ ಗೋಪಕಪಟ್ಟಣ ಇತ್ತು. ಗೋವೆಯ ಕದಂಬರು ಮೊದಲು ಚಂದ್ರಪುರ, ಅಂದರೆ ಚಾಂದೋರಿನಿಂದ ಆಳುತ್ತಿದ್ದರು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ರಾಜಧಾನಿಯನ್ನು ಈ ಬಂದರಿಗೆ ತಂದ. ಮುಂದೆ ಇಮ್ಮಡಿ ಜಯಕೇಶಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಮದುವೆಯಾದ. ಈ ಅರಸರ ಕನ್ನಡ ಶಾಸನಗಳು ಹಲಸಿ, ದೇಗಾಂವೆಗಳ ಕಡೆ ಇವೆ. ಗೋಪಕಪಟ್ಟಣ ಇದ್ದ ಜಾಗಕ್ಕೆ ಈಗ ಗೋವಾ ವೆಲ್ಹಾ ಎಂದು ಹೆಸರು. ಪೋರ್ಚುಗೀಸರ ಹಳೆ ಗೋವೆ ಬೇರೆ, ಇದು ಬೇರೆ. ಎರಡನ್ನೂ ಕಲಸಿಕೊಳ್ಳಬೇಡಿ.

ಇನ್ನು ದೋಣಿ ಕಾಲುವೆಯ ಬಾಯಿಗೆ ತಿರುಗುತ್ತದೆ. ಎರಡೂ ಕಡೆ ಕಾಂಡ್ಲಾ ಗಿಡಗಳ ಹಸಿರು ಗೋಡೆ. ಅದರ ಹಿಂದೆ ಮಣ್ಣಿನ ಒಡ್ಡು, ಒಡ್ಡಿನ ಹಿಂದೆ ನೀರಿನ ಮಟ್ಟಕ್ಕಿಂತ ತಗ್ಗಾದ ಗದ್ದೆ. ಇದನ್ನು ಗೋವೆಯಲ್ಲಿ ಖಾಜನ್ ಎನ್ನುತ್ತಾರೆ. ಕುಮಟಾ, ಅಂಕೋಲೆಯವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಗಜನಿ ಭೂಮಿಯೇ ಇದು. ಅಲ್ಲಿ ಕಗ್ಗ ಭತ್ತ ಬೆಳೆದಂತೆ ಇಲ್ಲಿ ಉಪ್ಪು ತಡೆಯುವ ಕೊರ್ಗುಟ್ ಭತ್ತ. ಒಡ್ಡಿನಲ್ಲಿ ಅಲ್ಲಲ್ಲಿ ಮರದ ಬಾಗಿಲಿನ ತೂಬು, ಅದಕ್ಕೆ ಇಲ್ಲಿ ಮಾನಸ್ ಎಂದು ಹೆಸರು. ಭರತಿಯ ನೀರು ಹೊರಗಿನಿಂದ ಒತ್ತಿದಾಗ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಗದ್ದೆಯ ನೀರು ಒಳಗಿನಿಂದ ಒತ್ತಿದಾಗ ತಾನೇ ತೆರೆಯುತ್ತದೆ. ಎಂಜಿನು ಇಲ್ಲ, ಕರೆಂಟು ಇಲ್ಲ. ಮಳೆಗಾಲದಲ್ಲಿ ಭತ್ತ, ಆಮೇಲೆ ಮೀನು ಸಿಗಡಿ.

ಈ ಒಡ್ಡುಗಳನ್ನು ಕಾಯುತ್ತಿದ್ದವರು ಊರಿನ ಗಾಂವಕಾರರು. ಗದ್ದೆಗಳನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಡ್ಡು, ದೇವಸ್ಥಾನ, ಕಂದಾಯ ಎಲ್ಲವನ್ನೂ ನಡೆಸುತ್ತಿದ್ದರು. ಲೆಕ್ಕ ಬರೆಯುವವನು ಕುಲಕರ್ಣಿ. ಪೋರ್ಚುಗೀಸರು ಬಂದ ಮೇಲೂ ಈ ಪದ್ಧತಿಯನ್ನು ಕೆಡಿಸಲು ಹೋಗಲಿಲ್ಲ. 1526ರಲ್ಲಿ ಇದರ ಕಟ್ಟುಕಟ್ಟಳೆಗಳನ್ನು ದಾಖಲೆ ಮಾಡಿಕೊಂಡರು. ಒಂದು ಸಂಗತಿ ನಮಗೆ ಮುಖ್ಯ. ಆ ಕಾಲದ ಹಳ್ಳಿಯ ಲೆಕ್ಕಪತ್ರಗಳು ಗೋಯ್‌ಕಾನಡಿ ಎಂಬ ಲಿಪಿಯಲ್ಲಿ ಇರುತ್ತಿದ್ದವು. ಕಂದವಿ ಎಂದೂ ಅದಕ್ಕೆ ಹೆಸರು. ಅಕ್ಷರ ಕನ್ನಡದ ಬಳಗದ್ದು, ಮಾತು ಕೊಂಕಣಿ ಅಥವಾ ಮರಾಠಿ. ಮನೆಯಲ್ಲಿ ಒಂದು ಭಾಷೆ, ಕಾಗದದ ಮೇಲೆ ಇನ್ನೊಂದು ಲಿಪಿ; ನಾವು ಗಡಿಯವರು ಇಂದು ಮಾಡುತ್ತಿರುವುದನ್ನೇ ಅವರು ನಾಲ್ಕು ನೂರು ವರ್ಷದ ಹಿಂದೆ ಮಾಡುತ್ತಿದ್ದರು.

ದೋಣಿಯ ಅಂಚಿನಲ್ಲಿ ಕೈ ಇಳಿಬಿಡಬೇಡಿ. ಈ ಕಾಲುವೆಯಲ್ಲಿ ಮೊಸಳೆಗಳಿವೆ. ಸಿಹಿನೀರಿನಲ್ಲಿ ಇರುವ ಜಾತಿಯ ಮೊಸಳೆ ಉಪ್ಪುನೀರಿಗೆ ಒಗ್ಗಿಕೊಂಡು ಬದುಕಿರುವುದು ಅಪರೂಪ. ಇಳಿತದಲ್ಲಿ ಕೆಸರಿನ ಮೇಲೆ ಬಿಸಿಲು ಕಾಯಿಸುತ್ತ ಮಲಗುತ್ತವೆ. ಶತ್ರುಗಳು ಈಜಿ ಬಾರದಂತೆ, ಗುಲಾಮರು ಓಡಿಹೋಗದಂತೆ ಹಿಂದಿನವರು ಇವನ್ನು ತಂದು ಬಿಟ್ಟರು ಎಂಬ ಕತೆ ಜನರ ಬಾಯಲ್ಲಿದೆ. ಕತೆ ಕತೆಯೇ. ಆದರೆ ಫೋಂಡಾ ತಾಲೂಕಿನ ದುರ್ಭಾಟ್ ಕಡೆ ಪುಷ್ಯ ಅಮಾವಾಸ್ಯೆಯಂದು ಗಾವಡಾ ಜನ ಕೆಸರಿನಲ್ಲಿ ಮೊಸಳೆ ಮಾಡಿ ಪೂಜೆ ಮಾಡುವುದು ನಿಜ. ಮಾಂಗೆ ಥಾಪಣಿ ಎಂದು ಅದಕ್ಕೆ ಹೆಸರು. ಒಡ್ಡಿನ ಮೇಲೆ ದುಡಿಯುವವರು ನೀರಿನ ಯಜಮಾನನ ಹತ್ತಿರ ಮಾಡಿಕೊಂಡ ಒಪ್ಪಂದ ಅದು.

ಇನ್ನು ಸ್ವಲ್ಪ ಮುಂದೆ ಹೋದರೆ ಬಾಣಸ್ತಾರಿ. ಪಣಜಿಯಿಂದ ಫೋಂಡಾಕ್ಕೆ ಬಸ್ಸಿನಲ್ಲಿ ಹೋಗುವಾಗ ನೀವೆಲ್ಲ ಇಲ್ಲಿಯ ಸೇತುವೆ ದಾಟಿದ್ದೀರಿ. ಒಂದು ನಿಮಿಷದಲ್ಲಿ ದಾಟಿಬಿಡುತ್ತದೆ, ಯಾರೂ ಕಿಟಕಿಯಿಂದ ತಲೆ ಹೊರಗೆ ಹಾಕುವುದಿಲ್ಲ. ಗೋವೆಯ ಹಣೆಬರಹ ತಿರುಗಿದ ಜಾಗ ಇದು.

1510ನೆಯ ಇಸವಿ. ಮಾಂಡವಿ ದಂಡೆಯ ಏಲಾ ಬಂದರು, ಅಂದರೆ ಹಳೆ ಗೋವೆ, ವಿಜಾಪುರದ ಆದಿಲಶಾಹಿ ಕೈಯಲ್ಲಿತ್ತು. ಹೊನ್ನಾವರದ ತಿಮ್ಮೋಜ ಎಂಬ ನಾವಿಕ ಮುಖಂಡನ ಸಲಹೆ ಮೇರೆಗೆ ಪೋರ್ಚುಗೀಸ್ ಸೇನಾಪತಿ ಆಲ್ಬುಕರ್ಕ್ ಆ ವರ್ಷ ಮಾರ್ಚಿನಲ್ಲಿ ಊರನ್ನು ಹಿಡಿದ. ಮೇ ತಿಂಗಳಲ್ಲಿ ಆದಿಲ್ ಶಾಹ ದೊಡ್ಡ ಸೈನ್ಯದೊಂದಿಗೆ ಬಂದ. ಸೈನ್ಯ ರಾತ್ರಿ ಮಳೆಗಾಳಿಯ ನಡುವೆ ನೀರು ದಾಟಿ ದ್ವೀಪಕ್ಕೆ ನುಗ್ಗಿತು. ಆಲ್ಬುಕರ್ಕ್ ಹಡಗುಗಳಿಗೆ ಓಡಿದ. ಆದರೆ ಮಾಂಡವಿಯ ಬಾಯಿಯಲ್ಲಿ ಮಳೆಗಾಲದ ಕಡಲು. ಹೊರಗೆ ಹೋಗಲಾಗದೆ ಆಗಸ್ಟ್ ತನಕ ನದಿಯಲ್ಲೇ ಸಿಕ್ಕಿಬಿದ್ದ. ಅದೇ ವರ್ಷ ನವೆಂಬರ್ 25ರಂದು ಮತ್ತೆ ಬಂದು ಊರನ್ನು ಗೆದ್ದ. ಅವನು ಮಲಾಕ್ಕೆಗೆ ಹೋದಾಗ ವಿಜಾಪುರದವರು ಬಾಣಸ್ತಾರಿಯಲ್ಲಿ ಕೋಟೆ ಕಟ್ಟಿ ಕೂತರು. 1512ರಲ್ಲಿ ಆಲ್ಬುಕರ್ಕ್ ಹಿಂತಿರುಗಿ ಆ ಕೋಟೆಯನ್ನು ರಸೂಲ್ ಖಾನನಿಂದ ಕಸಿದುಕೊಂಡ.

ಒಮ್ಮೆ ಪೆಟ್ಟು ತಿಂದ ಪೋರ್ಚುಗೀಸರಿಗೆ ಪಾಠ ತಿಳಿಯಿತು: ಈ ನೀರನ್ನು ಕಾದರೆ ಗೋವೆ ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ. ಬಾಣಸ್ತಾರಿ, ಗವಂಡಾಳಿ, ಆಗಶಿ, ದಾವ್ಜಿ ಮುಂತಾದ ದಾಟುವ ಜಾಗಗಳಲ್ಲೆಲ್ಲ ಕಾವಲು ಹಾಕಿದರು. ಆ ಕಾವಲುಗಳಿಗೆ ಅವರು ಪಾಸ್ಸು ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ತಾರಿ. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಲಿನ್ಸ್‌ಖೋಟೆನ್ ಎಂಬ ಡಚ್ಚ ಬರೆದಿಟ್ಟಿದ್ದಾನೆ: ದ್ವೀಪದಲ್ಲಿದ್ದ ಊರ ಜನ ಹೊಟ್ಟೆಪಾಡಿಗೆ ಆಚೆ ದಂಡೆಗೆ ಹೋಗಬೇಕಾದರೆ ಬರಿಗೈ ತೋಳಿನ ಮೇಲೆ ಒಂದು ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ತಿರುಗಿ ಬರುವಾಗ ಆ ಮುದ್ರೆ ತೋರಿಸಬೇಕು. ಅದಕ್ಕೆ ಚಿಲ್ಲರೆ ಕಾಸಿನ ಶುಲ್ಕ ಬೇರೆ. ಗಡಿ ಎಂದರೆ ಏನೆಂದು ಬಲ್ಲ ನಮಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ತರಕಾರಿ ಮಾರಲು ಹೋದವಳು ಬೆವರಿಗೆ ಮುದ್ರೆ ಅಳಿಸಿಹೋದರೆ ಏನು ಮಾಡುತ್ತಿದ್ದಳೋ!

ಕಾವಲಿನ ಬೆಲೆ 1570ರಲ್ಲಿ ಗೊತ್ತಾಯಿತು. ತಾಳಿಕೋಟೆ ಯುದ್ಧ ಮುಗಿದು ಐದು ವರ್ಷವಾಗಿತ್ತು. ವಿಜಯನಗರವನ್ನು ಮುರಿದ ಸುಲ್ತಾನರಲ್ಲಿ ಒಬ್ಬನಾದ ಅಲಿ ಆದಿಲ್ ಶಾಹ ಸ್ವತಃ ದಂಡು ತಂದು ಈ ಪೂರ್ವ ದಂಡೆಯಲ್ಲಿ ಡೇರೆ ಹೊಡೆದ. ಎದುರು ದಂಡೆಯಲ್ಲಿ ವೈಸರಾಯ್ ಲೂಯಿಸ್ ದೆ ಅತಾಯಿದೆ. ಸುಮಾರು ಹತ್ತು ತಿಂಗಳು ಮುತ್ತಿಗೆ. ಹಂಪಿಯನ್ನು ಹಾಳುಗೆಡವಿದ ಸೈನ್ಯಕ್ಕೆ ಈ ಕಿರುಹೊಳೆಯನ್ನು ದಾಟಿ ಊರು ಹಿಡಿಯಲು ಆಗಲಿಲ್ಲ. 1571ರ ಕೊನೆಗೆ ಒಪ್ಪಂದ ಮಾಡಿಕೊಂಡು ತಿರುಗಿಹೋಯಿತು.

ಸೈನ್ಯಕ್ಕೆ ದಾಟಲಾಗದ ಆ ಗಡಿನೀರನ್ನು ಅದೇ ಕಾಲದಲ್ಲಿ ದಾಟಿದವರು ಯಾರು? ಈಗ ನಮ್ಮ ಮೊದಲ ಪ್ರಶ್ನೆಗೆ ಬಂದೆವು.

1540ರ ಸುಮಾರಿಗೆ ತಿಸವಾಡಿ ದ್ವೀಪದ ದೇವಸ್ಥಾನಗಳನ್ನು ಪೋರ್ಚುಗೀಸ್ ಸರಕಾರ ಕೆಡವಿಸಿತು. 1543ರಲ್ಲಿ ಸಾಷ್ಟಿ, ಬಾರ್ದೇಸ್ ಸೀಮೆಗಳೂ ಅವರ ಕೈ ಸೇರಿದವು. 1560ರ ದಶಕದಲ್ಲಿ ಅಲ್ಲಿಯೂ ಅದೇ ಆಯಿತು. ಕೆಡವುವವರು ಬರುವ ಮೊದಲೇ ದೇವರನ್ನು ಎತ್ತಿಕೊಂಡು ಹೊರಡಬೇಕು. ಎಲ್ಲಿಗೆ? ಪೋರ್ಚುಗೀಸರ ಆಜ್ಞೆ ನಡೆಯದ ಅತಿ ಹತ್ತಿರದ ನೆಲಕ್ಕೆ. ಆ ನೆಲ ಜುವಾರಿಯ ಆಚೆ, ಕಾಲುವೆಯ ಆಚೆ ಇದ್ದ ಅಂತ್ರುಜ. ಅದು ಆಗ ವಿಜಾಪುರದ ಸುಲ್ತಾನನ ರಾಜ್ಯ. ಕುಶಸ್ಥಳಿಯ ಮಂಗೇಶ 1560ರಲ್ಲಿ ನದಿ ದಾಟಿ ಪ್ರಿಯೋಳಕ್ಕೆ ಬಂದ. ಕೆಳಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ, ಲೋಟಲಿಯ ರಾಮನಾಥ ಬಾಂದಿವಡೆಗೆ. ಚೋಡಣ ದ್ವೀಪದ ದೇವಕೀಕೃಷ್ಣ ಮಾಶೆಲಕ್ಕೆ, ದಿವಾಡಿಯ ಗಣಪತಿ ಖಾಂಡೋಳೆಗೆ. ಕಾಲುವೆಯ ಪಶ್ಚಿಮದ ಕರಮಳಿ ಊರಿನ ಬ್ರಹ್ಮದೇವರಂತೂ ಸತ್ತರಿಯ ಕಾಡಿನ ತನಕ ಹೋದರು. ಹೊಸ ಊರಿಗೂ ಹಳೆ ಊರಿನ ಹೆಸರನ್ನೇ ಒಯ್ದು ಬ್ರಹ್ಮಕರಮಳಿ ಎಂದು ಇಟ್ಟರು. ಇಂದು ಕೊಂಕಣ ರೈಲ್ವೆಯಲ್ಲಿ ಕರಮಳಿ ನಿಲ್ದಾಣ ಬಂದಾಗ ಇದನ್ನು ನೆನಪಿಸಿಕೊಳ್ಳಿ. ದೇವರು ಅಲ್ಲಿಲ್ಲ, ಹೆಸರು ಎರಡೂ ಕಡೆ ಇದೆ.

ಇಲ್ಲಿ ಒಂದು ಮಾತು ಗಮನಿಸಬೇಕು. ದೇವರಿಗೆ ನೆರಳು ಸಿಕ್ಕಿದ್ದು ಮುಸಲ್ಮಾನ ಸುಲ್ತಾನನ ಸೀಮೆಯಲ್ಲಿ. ಹಿಂದಿನ ಇತಿಹಾಸವನ್ನು ಒಂದೇ ಬಣ್ಣದಲ್ಲಿ ಬಳಿಯಲು ಬರುವುದಿಲ್ಲ. ಹಾಗೆಯೇ ಹಿಂದೆ ಉಳಿದು ಕ್ರೈಸ್ತರಾದವರೂ ಬೇರೆಯವರಲ್ಲ, ಅದೇ ಗಾಂವಕಾರರ ಅಣ್ಣತಮ್ಮಂದಿರು. ಒಂದೇ ಮನೆಯವರು ಎರಡು ದಂಡೆಗೆ ಹಂಚಿಹೋದರು. ಹಲವರು ದಕ್ಷಿಣಕ್ಕೆ ಇಳಿದು ಕಾರವಾರ, ಕುಮಟಾ, ಮಂಗಳೂರು ಸೇರಿದರು. ಕುಲದೇವರು ಮಾತ್ರ ಫೋಂಡಾದಲ್ಲೇ ನಿಂತರು.

ಬಾಣಸ್ತಾರಿ ದಾಟಿ ಮುಂದೆ ಹೋದಂತೆ ಕಾಲುವೆ ಕಿರಿದಾಗುತ್ತದೆ. ಗವಂಡಾಳಿಯ ಎದುರಿಗೆ ಕುಂಭಾರಜುವೆ ಊರು. ಕಾಲುವೆಗೆ ಹೆಸರು ಬಂದದ್ದು ಇದರಿಂದ. ಗಣೇಶ ಚೌತಿಯ ಏಳನೆಯ ದಿನ ಇಲ್ಲಿ ಸಾಂಗೋಡ ಹಬ್ಬ. ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿ, ಅದರ ಮೇಲೆ ಗಣಪತಿಯನ್ನೂ ಪುರಾಣದ ದೃಶ್ಯಗಳ ವೇಷಧಾರಿಗಳನ್ನೂ ನಿಲ್ಲಿಸಿ ನೀರಿನಲ್ಲಿ ಮೆರವಣಿಗೆ ಮಾಡುತ್ತಾರೆ. ನಮ್ಮ ಕಡೆ ಹೊಳೆ ದಾಟಿಸಲು ಜೋಡಿಸುತ್ತಿದ್ದ ಜಂಗಲ್ ಇದ್ದಂತೆ. ದೇವರು ದೋಣಿಯಲ್ಲಿ ಹೋದ ನೆನಪನ್ನು ಜನ ಹಬ್ಬವಾಗಿ ಉಳಿಸಿಕೊಂಡಿದ್ದಾರೆ.

ಅಲ್ಲಿಂದ ಉತ್ತರಕ್ಕೆ ಜುವೆ ದ್ವೀಪ, ಅಂದರೆ ಸಾಂತ್ ಎಸ್ತೆವ್. 1683ರ ನವೆಂಬರಿನಲ್ಲಿ ಸಂಭಾಜಿ ಮಹಾರಾಜರ ಮರಾಠಾ ಪಡೆ ರಾತ್ರಿ ಈ ದ್ವೀಪದ ಕೋಟೆ ಹಿಡಿಯಿತು. ಹಳೆ ಗೋವೆ ಅಲ್ಲಿಂದ ಕೂಗಳತೆಯಲ್ಲಿದೆ. ವೈಸರಾಯ್ ಕೌಂಟ್ ಆಫ್ ಆಲ್ವೋರ್ ತಿರುಗಿ ದಾಳಿ ಮಾಡಲು ಹೋಗಿ ಸೋತು ಬಂದ. ಕೊನೆಗೆ ಬೋಂ ಜೀಸಸ್ ಚರ್ಚಿಗೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರರ ಶವಪೆಟ್ಟಿಗೆ ತೆರೆಸಿ, ತನ್ನ ಅಧಿಕಾರದಂಡವನ್ನು ಅವರ ಬಳಿ ಇಟ್ಟು ಊರನ್ನು ಕಾಪಾಡಿ ಎಂದು ಬೇಡಿಕೊಂಡ. ಅಷ್ಟರಲ್ಲಿ ಮೊಗಲರ ಸೈನ್ಯ ಘಟ್ಟ ಇಳಿದು ಬಂತು, ಮರಾಠರು ಹಿಂದೆ ಸರಿದರು. ಗೋವೆ ಉಳಿಯಿತು.

ಅದೇ ಆಲ್ವೋರ್ ಮರುವರ್ಷ, 1684ರ ಜೂನ್ 27ರಂದು ಒಂದು ಹುಕುಂ ಹೊರಡಿಸಿದ. ಮೂರು ವರ್ಷದೊಳಗೆ ಜನ ಊರಿನ ಮಾತನ್ನು ಬಿಟ್ಟು ಪೋರ್ಚುಗೀಸ್ ಆಡಬೇಕು ಎಂದು. ಮೂರು ವರ್ಷವೇನು, ಮೂರು ನೂರು ವರ್ಷ ಕಳೆದ ಮೇಲೆ, 1987ರಲ್ಲಿ ಕೊಂಕಣಿ ಗೋವೆಯ ರಾಜಭಾಷೆಯಾಯಿತು. ಭಾಷೆಯನ್ನು ಹುಕುಮಿನಿಂದ ಕೊಲ್ಲಲಾಗಲಿಲ್ಲ. ಆದರೆ ಗೋಯ್‌ಕಾನಡಿ ಲಿಪಿ ಸತ್ತುಹೋಯಿತು. ಬಳಸುವವರು ಬಿಟ್ಟಾಗ ಸತ್ತಿತು. ಈ ವ್ಯತ್ಯಾಸವನ್ನು ಮರೆಯಬಾರದು.

ಈಗ ದೋಣಿ ಮಾಂಡವಿಗೆ ಬಂತು. ಬಲಕ್ಕೆ ದಿವಾಡಿ ದ್ವೀಪ. ಕದಂಬರ ಕುಲದೇವರಾದ ಸಪ್ತಕೋಟೇಶ್ವರ ಇಲ್ಲಿದ್ದ. ಬಹಮನಿ ಕಾಲದಲ್ಲಿ ಕೆಟ್ಟ ಗುಡಿಯನ್ನು ವಿಜಯನಗರದ ಮಾಧವ ಮಂತ್ರಿ ಸರಿಪಡಿಸಿದ. ಪೋರ್ಚುಗೀಸರ ಕಾಲದಲ್ಲಿ ಮತ್ತೆ ಕೆಟ್ಟಿತು. ದೇವರು ನದಿ ದಾಟಿ ಡಿಚೋಲಿ ಕಡೆಯ ನಾರ್ವೆಗೆ ಹೋದ. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿಯ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದರು.

ಎಡದಂಡೆಯಲ್ಲಿ ಹಳೆ ಗೋವೆಯ ಧಕ್ಕೆ. ಅಲ್ಲಿ ನದಿಗೆ ಮುಖಮಾಡಿ ನಿಂತಿರುವ ಕಮಾನು ವೈಸರಾಯರ ಕಮಾನು. ವಾಸ್ಕೋ ಡ ಗಾಮನ ಮರಿಮೊಮ್ಮಗ ಫ್ರಾನ್ಸಿಸ್ಕೋ ದ ಗಾಮ ವೈಸರಾಯನಾಗಿದ್ದಾಗ ಕಟ್ಟಿಸಿದ್ದು. ಬಿದ್ದುಹೋಗಿ 1954ರಲ್ಲಿ ಮತ್ತೆ ಕಟ್ಟಿದ್ದು. ಹೊಸದಾಗಿ ಬಂದ ವೈಸರಾಯರೆಲ್ಲ ಈ ಕಮಾನಿನ ಕೆಳಗೇ ಊರು ಪ್ರವೇಶಿಸಬೇಕು. ಕಾಲುವೆ ಈ ಊರನ್ನು ಶತ್ರುಗಳಿಂದ ಉಳಿಸಿತು, ಜ್ವರಗಳಿಂದ ಉಳಿಸಲಿಲ್ಲ. ಸಾಂಕ್ರಾಮಿಕ ರೋಗಗಳಿಗೆ ಊರು ಬರಿದಾಯಿತು. 1759ರಲ್ಲಿ ವೈಸರಾಯ್ ಪಣಜಿಗೆ ವಾಸ್ತವ್ಯ ಬದಲಿಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಹಳೆ ಗೋವೆಯ ಚರ್ಚುಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಈ ನಡುವೆ ಕಾಲುವೆಯೂ ಗಡಿಯಾಗಿ ಉಳಿಯಲಿಲ್ಲ. ಅದನ್ನು ಅಳಿಸಿದ್ದು ನಮ್ಮ ಶಿರಸಿ ಕಡೆಯ ಒಂದು ಘಟನೆ. 1675ರಲ್ಲಿ ಶಿವಾಜಿ ಮಹಾರಾಜರು ಗೆದ್ದ ಫೋಂಡಾ ಸೀಮೆ ಮುಂದೆ ಸೋಂದೆಯ ಅರಸರಿಗೆ ಸೇರಿತ್ತು. 1763ರಲ್ಲಿ ಹೈದರಾಲಿಯ ಸೈನ್ಯ ಬಿದನೂರು ಮುಗಿಸಿ ಸೋಂದೆಗೆ ನುಗ್ಗಿದಾಗ ಸೋಂದೆಯ ಅರಸ ಗೋವೆಗೆ ಬಂದು ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ ಪೋರ್ಚುಗೀಸರ ಪಾಲಾಯಿತು. ಆದರೆ ಕಾಲ ಬದಲಾಗಿತ್ತು. ಹೊಸ ಸೀಮೆಯ ದೇವಸ್ಥಾನಗಳಿಗೆ ಕೈ ಹಚ್ಚುವುದಿಲ್ಲವೆಂದು ಒಪ್ಪಿಕೊಂಡರು. ಸೋಂದೆ ಅರಸರ ಮನೆ ಇಂದಿಗೂ ಬಾಂದಿವಡೆಯಲ್ಲಿದೆ. ನಾಗೇಶಿಗೆ ಹೋದಾಗ ವಿಚಾರಿಸಿ, ಊರವರು ತೋರಿಸುತ್ತಾರೆ.

ದೋಣಿ ರಾಯಬಂದರದ ಬದಿಯಿಂದ ಸಾಗುತ್ತದೆ. 1630ರ ದಶಕದಲ್ಲಿ ಲಿನ್ಯಾರಿಸ್ ಎಂಬ ವೈಸರಾಯ್ ಕಟ್ಟಿಸಿದ ಉದ್ದನೆಯ ಕಲ್ಲುದಾರಿ ಇಲ್ಲಿಂದ ಪಣಜಿ ಮುಟ್ಟುತ್ತದೆ. ಬಲಕ್ಕೆ ಚೋಡಣದ ಸಲೀಂ ಅಲಿ ಪಕ್ಷಿಧಾಮ. ಮುಂದೆ ಪಣಜಿಯ ಸೇತುವೆಗಳು, ದೀಪಗಳು. ಸಂಜೆಯಾಯಿತು, ಇಳಿಯಿರಿ.

ಇಳಿಯುವ ಮೊದಲು ಒಂದೆರಡು ಮಾತು. ನಮ್ಮ ತಲೆಮಾರಿನವರು ಈ ಕಾಲುವೆಯಲ್ಲಿ ಕಂಡದ್ದು ಅದಿರಿನ ಬಾರ್ಜುಗಳನ್ನು. ಮಳೆಗಾಲದಲ್ಲಿ ಮಾಂಡವಿಯ ಬಾಯಿ ಮರಳುದಿಬ್ಬದಿಂದ ಕೆಡುತ್ತದೆ. ಆಲ್ಬುಕರ್ಕನನ್ನು ಹಿಡಿದಿಟ್ಟದ್ದೂ ಆ ಬಾಯಿಯೇ. ಆಗ ಡಿಚೋಲಿ, ಸತ್ತರಿಯ ಅದಿರು ಕಾಲುವೆ ಹಿಡಿದು ಜುವಾರಿಗೆ ಇಳಿದು ಮುರ್ಮುಗೋವೆ ಬಂದರು ಸೇರುತ್ತಿತ್ತು. ಬಾರ್ಜಿನ ಅಲೆ ಬಡಿದು ಒಡ್ಡು ಜರಿಯುತ್ತದೆ ಎಂದು ರೈತರ ದೂರು. 2012ರಲ್ಲಿ ಗಣಿಗಾರಿಕೆ ನಿಂತಿತು. 2018ರಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದು ಮಾಡಿತು. ಬಾರ್ಜಿನ ಗದ್ದಲ ಇಳಿಯಿತು, ಆದರೆ ಒಡ್ಡಿನ ಚಿಂತೆ ಇಳಿಯಲಿಲ್ಲ. ಗಾಂವಕಾರಿಯ ಹಿಡಿತ ಸಡಿಲವಾಗಿ, ಎಳೆಯರು ಪಟ್ಟಣದ ನೌಕರಿಗೆ ಹೋಗಿ, ತೂಬಿನ ಬಾಗಿಲು ನೋಡುವವರು ಕಡಿಮೆಯಾಗಿದ್ದಾರೆ. ಒಡ್ಡು ಒಂದು ಕಡೆ ಒಡೆದರೆ ಉಪ್ಪುನೀರು ಒಳಗೆ ಬಂದು ಗದ್ದೆ ವರ್ಷಗಟ್ಟಲೆ ಏಳುವುದಿಲ್ಲ. ನಮ್ಮ ಗಜನಿಗಳ ಕತೆಯೂ ಇದೇ. ಸುಲ್ತಾನ, ವೈಸರಾಯ್, ಮರಾಠ ಯಾರು ಬಂದರೂ ಹೋದರೂ ಉಳಿದುಕೊಂಡು ಬಂದ ಗದ್ದೆಗಳು ಅವು. ನೋಡುವವರಿಲ್ಲದೆ ಹೋಗಬಾರದು.

ಇನ್ನು ಮುಂದೆ ಕುಲದೇವರಿಗೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಬಾಣಸ್ತಾರಿಯಲ್ಲಿ ಅರ್ಧ ತಾಸು ಇಳಿಯಿರಿ. ಮಳೆಗಾಲ ಮುಗಿದ ಮೇಲೆ ಹೋದರೆ ಕಾಲುವೆಯಲ್ಲಿ ಮೊಸಳೆ, ಹಕ್ಕಿ ತೋರಿಸುವ ಖಾಸಗಿ ದೋಣಿಗಳೂ ಸಿಗುತ್ತವೆ. ಇಳಿತದ ವೇಳೆ ಕೇಳಿಕೊಂಡು ಹೋಗಿ. ಮಂಗೇಶ ಎಲ್ಲಿಂದ ಬಂದ, ಯಾವ ನೀರು ದಾಟಿದ, ಅವನ ಹಿಂದೆ ಬಂದ ನಮ್ಮವರು ಯಾವ ಭಾಷೆ ಆಡುತ್ತಿದ್ದರು, ಯಾವ ಲಿಪಿಯಲ್ಲಿ ಲೆಕ್ಕ ಬರೆಯುತ್ತಿದ್ದರು ಎಂದು ಮಕ್ಕಳಿಗೆ ಹೇಳಿ. ಕೊಂಕಣಿಯಲ್ಲಾದರೂ ಹೇಳಿ, ಕನ್ನಡದಲ್ಲಾದರೂ ಹೇಳಿ. ಎರಡರಲ್ಲೂ ಹೇಳಿದರೆ ಇನ್ನೂ ಒಳ್ಳೆಯದು.